ತಿರುಗಲೊಲ್ಲದ ಪರಂಗಿ ಸಾರೋಟು

ಚಕ್ರವಿರುವ ವಸ್ತು ಯಾವುದಾದರೂ ಮುರಿದು ಬಿದ್ದಿದ್ದರೆ, ಅದನ್ನು ನೋಡಿಯೂ ನೋಡದವನಂತೆ ದಾಟಿ ಹೋಗುವುದು ನನ್ನಿಂದ ಆಗದ ಕೆಲಸ. ಕೈ ಕಡಿಯುತ್ತದೆ. ಕೆಲವರಿಗೆ ಇಸ್ಪೀಟಿನ ಹುಚ್ಚು, ಕೆಲವರಿಗೆ ಹೊಗೆಸೊಪ್ಪಿನ ಹುಚ್ಚು, ನನಗೆ ಬಗ್ಗಿ ನೋಡುವ ಹುಚ್ಚು. ನಮ್ಮ ಮನೆಯವಳ ಪ್ರಕಾರ, ನಾಳೆ ನಾಲ್ಕು ಜನ ನನ್ನನ್ನು ಹೊತ್ತುಕೊಂಡು ಹೋಗುವಾಗ ಚಟ್ಟದ ಬಿದಿರು ಲಟಕ್ಕೆಂದರೆ ನಾನೇ ಎದ್ದು ಕೂತು, "ಇಳಿಸ್ರಪ್ಪ, ಒಂದು ಹಗ್ಗ ತನ್ನಿ" ಎನ್ನುತ್ತೇನಂತೆ. ಇರಬಹುದು. ಅವಳು ನನ್ನ ವಿಷಯದಲ್ಲಿ ಹೇಳಿದ್ದು ಸುಳ್ಳಾದದ್ದು ಕಡಿಮೆ.

ಈಗ ತೇನಿಯಿಂದ ಬತ್ತಲಗುಂಡಿಗೆ ಮೋಟಾರು ಬಸ್ಸು ಓಡುತ್ತದೆ. ಓಡುತ್ತದೆ ಎನ್ನುವುದು ಮರ್ಯಾದೆಯ ಮಾತು, ನಿಲ್ಲುವುದೇ ಹೆಚ್ಚು. ನಿಂತ ಕೂಡಲೇ ನಾನೂ ಹೋಗಿ ಪಕ್ಕದಲ್ಲಿ ನಿಲ್ಲುತ್ತೇನೆ, ಮೊಣಕಾಲ ಮೇಲೆ ಕೈಯೂರಿ ಅಡಿಗೆ ಇಣುಕುತ್ತೇನೆ. ಡ್ರೈವರು ಹುಡುಗ ನಗುತ್ತಾನೆ. "ತಾತಾ, ಮೋಟಾರು ಬಗ್ಗೆ ನಿಮಗೇನು ತಿಳೀತದೆ?" ಎಂದು ಕೇಳುತ್ತಾನೆ. ನಿಮ್ಮಪ್ಪ ಹುಟ್ಟುವುದಕ್ಕೆ ಮುಂಚೆಯೇ ನಾನು ಫ್ರಾನ್ಸ್ ದೇಶದ ಸಾರೋಟೊಂದನ್ನು ಪೂರ್ತಿ ಬಿಚ್ಚಿ, ಜೋಡಿಸಿ, ಮಾರಿದವನು ಕಣಪ್ಪಾ ಎಂದರೆ ನಂಬುವುದಿಲ್ಲ. ಬಿಚ್ಚಿದ್ದು ಸುಲಭವಾಗಿತ್ತು ಎಂಬುದನ್ನು ಮಾತ್ರ ನಾನು ಅವನಿಗೆ ಹೇಳುವುದಿಲ್ಲ. ಜೋಡಿಸಿದ್ದು ಹೇಗೆ ಎಂಬುದನ್ನು ನಿಮಗೆ ಹೇಳುತ್ತೇನೆ.

ಅದಕ್ಕೆ ಮುಂಚೆ ನಮ್ಮ ಪೈಕಿಯವರ ಬಗ್ಗೆ ಒಂದು ಮಾತು. ನಾವು ತೇವಾರಂ ಕಡೆಯ ಕನ್ನಡದ ಒಕ್ಕಲು. ಎಷ್ಟೋ ತಲೆಮಾರುಗಳ ಹಿಂದೆ ನಮ್ಮ ಹಿರಿಯರು ವಡಗಿನಿಂದ, ಅಂದರೆ ಬಡಗಣ ಸೀಮೆಯಿಂದ, ಹಸು ಹೊಡೆದುಕೊಂಡು, ಗಾಡಿ ಕಟ್ಟಿಕೊಂಡು ಈ ಕಂಬಂ ಕಣಿವೆಗೆ ಇಳಿದರಂತೆ. ಇಳಿದವರು ಮತ್ತೆ ಹತ್ತಲಿಲ್ಲ. ಒಮ್ಮೆ ಎತ್ತಿನ ವ್ಯಾಪಾರಕ್ಕೆಂದು ಮೈಸೂರು ಸೀಮೆಗೆ ಹೋದಾಗ ನಾನು ಬಾಯಿ ಬಿಟ್ಟೊಡನೆ ಅಲ್ಲಿಯವರು, ಈ ಮಾತನ್ನು ನಮ್ಮ ಮುತ್ತಜ್ಜಿ ಆಡುತ್ತಿದ್ದಳು ಎಂದು ಆಶ್ಚರ್ಯಪಟ್ಟರು. ಓದು ಬರಹದ ಕನ್ನಡವನ್ನು ನಾನು ಕಲಿತದ್ದು ಅಲ್ಲಿದ್ದ ಮೂರು ತಿಂಗಳಲ್ಲೇ. ಮನೆಯಲ್ಲಿ ಆಡುವುದು ಇವತ್ತಿಗೂ ಮುತ್ತಜ್ಜಿಯ ಮಾತೇ, ನಡುನಡುವೆ ಬೇಕಾದಷ್ಟು ತಮಿಳು. ಹೇಳಬೇಕಾದದ್ದು ಏನೆಂದರೆ, ನಾವು ದನದ ಜನ. ದನ, ಅದರ ಹಿಂದೆ ಗಾಡಿ, ಆ ಗಾಡಿಗೆ ಎರಡು ಚಕ್ರ. ಚಕ್ರವೆಂದರೆ ಎರಡು ಎಂಬುದು ನಮಗೆ ಕಣ್ಣೆಂದರೆ ಎರಡು ಎಂಬಷ್ಟೇ ಖಚಿತ.

ಆಗ ಮೇಲೆ ಬೆಟ್ಟದಲ್ಲಿ ಪೆರಿಯಾರಿಗೆ ಅಣೆ ಕಟ್ಟುತ್ತಿದ್ದರು. ರೈಲು ಇಳಿದ ಸಾಮಾನೆಲ್ಲ ಬತ್ತಲಗುಂಡು, ತೇನಿ, ಕಂಬಂ ದಾರಿಯಾಗಿ ಗಾಡಿಯ ಮೇಲೇ ಹೋಗಬೇಕು. ಎತ್ತಿದ್ದವನಿಗೆ ಪುರುಸೊತ್ತಿರಲಿಲ್ಲ. ನನ್ನಲ್ಲೂ ಒಂದು ಜೋಡಿ ಇತ್ತು. ನನ್ನಲ್ಲಿ ಎನ್ನುವುದು ಬಾಯಿತಪ್ಪಿನ ಮಾತು, ಅದು ನನ್ನ ಹೆಂಡತಿ ಲಕ್ಕಮ್ಮನ ಜೋಡಿ. ಬೂದುಬಿಳಿ ಬಣ್ಣದ ಮಯಿಲೆ ಅವಳ ತವರಿನಿಂದ ಕರುವಾಗಿ ಬಂದದ್ದು. ಕರಿಯನಾದರೋ ಹುಟ್ಟಿದ ಮೂರನೆಯ ದಿನ ತಾಯಿ ಸತ್ತ ಕರು. ಅವಳು ಬಟ್ಟೆ ಅದ್ದಿ ಅದ್ದಿ ಹಾಲು ಕುಡಿಸಿ ಬದುಕಿಸಿದ್ದಳು. ನಮಗೆ ಮಕ್ಕಳಾಗಿದ್ದು ತಡವಾಗಿ. ಆ ವರ್ಷಗಳಲ್ಲಿ ಮನೆಯಲ್ಲಿ ಅವಳು ಹೆಸರು ಹಿಡಿದು ಕೂಗುತ್ತಿದ್ದದ್ದು ಅವೆರಡನ್ನೇ.

ದೀಪಾವಳಿಯ ಹೊತ್ತಿಗೆ ಹತ್ತಿಯ ಹೇರು ಇಳಿಸಲು ಬತ್ತಲಗುಂಡಿಗೆ ಹೋಗಿದ್ದೆ. ಅಲ್ಲಿ ಕೊಡೈಕಾನಲ್ ಘಾಟಿಯ ಬುಡಕ್ಕೆ ಜನರನ್ನು ಮುಟ್ಟಿಸುವ ಬಾಡಿಗೆ ಗಾಡಿಗಳ ಯಜಮಾನ, ರಾವುತ್ತರು ಎಂದೇ ಎಲ್ಲರೂ ಕರೆಯುವ ಹಿರಿಯರೊಬ್ಬರಿದ್ದರು. ಅವರ ಕೊಟ್ಟಿಗೆಯ ಮೂಲೆಯಲ್ಲಿ ಕೋಳಿಗಳು ಮೊಟ್ಟೆ ಇಡುತ್ತಿದ್ದ ಜಾಗವನ್ನು ನೋಡಿದೆ. ಅದು ಗೂಡಲ್ಲ, ಸಾರೋಟು. ಪುದುಚ್ಚೇರಿಯ ಯಾರೋ ಫ್ರೆಂಚ್ ದೊರೆ ತನ್ನ ದೇಶದಿಂದ ಹಡಗಿನಲ್ಲಿ ತರಿಸಿದ್ದಂತೆ. ಅಲ್ಲಿಂದ ದಿಂಡಿಗಲ್ಲಿನ ಒಬ್ಬ ಮುದಿ ಪಾದ್ರಿಗೆ, ಪಾದ್ರಿ ಊರಿಗೆ ಮರಳುವಾಗ ರಾವುತ್ತರಿಗೆ, ರಾವುತ್ತರಿಂದ ಕೋಳಿಗಳಿಗೆ. ಹೊಟ್ಟೆ ಸೀಳಿದ ಸೋರೆಬುರುಡೆಯ ಆಕಾರ, ಹರಿದು ಜೋತಾಡುವ ಚರ್ಮದ ಮುಸುಕು, ಒಂದೇ ಒಂದು ದೀಪದ ಗೂಡು. ಬಗ್ಗಿ ನೋಡಿದೆ. ಅಡಿಯಲ್ಲಿ ಕಬ್ಬಿಣದ ಕಮಾನುಗಳು, ಒಂದರ ಮೇಲೊಂದು ಪಟ್ಟಿ ಜೋಡಿಸಿದವು. ಕೈಯಿಂದ ಒತ್ತಿದರೆ ಇಡೀ ಸಾರೋಟು ಮೆಲ್ಲಗೆ ತೂಗಿತು. ಕೋಳಿಗಳೂ ತೂಗಿದವು. ಅಲ್ಲಿಗೆ ನನ್ನ ಬುದ್ಧಿ ಹೋಯಿತು.

ಇದನ್ನು ಪರಂಗಿ ಸಾರೋಟು ಎಂದು ಕರೆದವನು ನಾನೇ. ಪರಂಗಿ ಎಂಬುದು ದೊಡ್ಡ ಚೀಲದಂಥ ಪದ. ಕಡಲಾಚೆಯಿಂದ ಬಂದದ್ದನ್ನೆಲ್ಲ ನಮ್ಮ ಜನ ಅದರೊಳಗೆ ತುಂಬಿದ್ದಾರೆ. ಮೈಸೂರು ಕಡೆಯವರಿಗೆ ಪರಂಗಿಯೆಂದರೆ ಒಂದು ಹಣ್ಣು, ನಮ್ಮ ತಮಿಳು ನೆರೆಯವರಿಗೆ ಒಂದು ಕುಂಬಳ, ವೈದ್ಯರಿಗೆ ಒಂದು ಹೇಳಬಾರದ ರೋಗ. ನನ್ನ ಪಾಲಿಗೆ ಅದು ಮೂರೂ ಆಯಿತು ಎಂದು ಲಕ್ಕಮ್ಮ ಆಮೇಲೆ ಬೀಸುವ ಕಲ್ಲಿಗೆ ಹೇಳಿದ್ದನ್ನು ಕೇಳಿಸಿಕೊಂಡಿದ್ದೇನೆ. ಕಲ್ಲಿಗೆ ಯಾಕೆ ಹೇಳಿದಳು ಎನ್ನುವುದು ಮುಂದೆ ಬರುತ್ತದೆ.

ರಾವುತ್ತರು ವ್ಯಾಪಾರ ಮಾತಾಡಿದ ರೀತಿ ಸರಳವಾಗಿತ್ತು. ಸಾರೋಟನ್ನು ಒಯ್ಯಿರಿ, ನಿಮ್ಮ ಎತ್ತು ಗಾಡಿ ಇಲ್ಲಿ ಬಿಡಿ. ಪೊಂಗಲಿನೊಳಗೆ ಇದನ್ನು ರಿಪೇರಿ ಮಾಡಿ ಮಾರಿ ನನ್ನ ಬೆಲೆ ತಂದರೆ ಎತ್ತು ಹೊಡೆದುಕೊಂಡು ಹೋಗಿ. ಪೊಂಗಲು ದಾಟಿದರೆ ಜೋಡಿ ನನ್ನದು, ಘಾಟಿಯ ಹೇರಿಗೆ ಹೂಡುತ್ತೇನೆ. ಘಾಟಿಯ ಹೇರು ಎಂದರೆ ಏನೆಂದು ನನಗೆ ಗೊತ್ತಿತ್ತು. ಅಲ್ಲಿ ಎತ್ತುಗಳು ಮೂರು ವರ್ಷ ಬಾಳಿದರೆ ಹೆಚ್ಚು. ಆದರೆ ಪೊಂಗಲಿಗೆ ಎರಡು ತಿಂಗಳಿಗೂ ಮೇಲಿತ್ತು. ನನ್ನ ಕೈಕೆಲಸದ ಮೇಲೆ ನನಗೆ ನಂಬಿಕೆ ಅದಕ್ಕಿಂತ ಮೇಲಿತ್ತು. ಆಗಲಿ ಎಂದುಬಿಟ್ಟೆ.

ಅಣೆಯ ಕಡೆಗೆ ಸುಣ್ಣ ಹೊತ್ತು ಹೊರಟಿದ್ದ ಒಂದು ಗಾಡಿಯ ಹಿಂದೆ ಸಾರೋಟನ್ನು ಕಟ್ಟಿಸಿಕೊಂಡೆ. ಬತ್ತಲಗುಂಡು, ಪೆರಿಯಕುಳಂ, ತೇನಿ, ಚಿನ್ನಮನೂರು, ಅಷ್ಟು ದೂರವೂ ಅದು ಮುದುಕಿಯ ಹಿಂದೆ ಮೇಕೆ ಬಂದಂತೆ ಬಂತು. ಗಾಡಿ ಎಡಕ್ಕೆ ತಿರುಗಿದರೆ ಎಡಕ್ಕೆ, ಬಲಕ್ಕೆ ತಿರುಗಿದರೆ ಬಲಕ್ಕೆ. ಅದು ಹೇಗೆ ತಿರುಗುತ್ತಿದೆ ಎಂದು ಕೇಳಿಕೊಳ್ಳಬೇಕೆಂದು ನನಗೆ ಹೊಳೆಯಲಿಲ್ಲ. ತಿರುಗದ ಗಾಡಿಯನ್ನು ನಾನು ಅದುವರೆಗೆ ನೋಡಿಯೇ ಇರಲಿಲ್ಲ, ಅದಕ್ಕೆ.

ಸಾರೋಟನ್ನು ಚಿನ್ನಮನೂರಿನ ಪಕ್ಕದ ಮಾರ್ಕಯನ್‌ಕೋಟ್ಟೈಯಲ್ಲಿ ಗಾಡಿ ಮಾಡುವ ಬಡಗಿ ಆಸಾರಿಯ ಚಪ್ಪರದಡಿ ನಿಲ್ಲಿಸಿ, ನಾನೊಬ್ಬನೇ ಮನೆಗೆ ನಡೆದು ಬಂದೆ. ಲಕ್ಕಮ್ಮ ಎರಡು ಬಾನಿಯಲ್ಲಿ ಕಲಗಚ್ಚು ಇಟ್ಟುಕೊಂಡು ಬಾಗಿಲಲ್ಲಿ ಕಾಯುತ್ತಿದ್ದಳು. "ಮಯಿಲೆ ಎಲ್ಲಿ? ಕರಿಯ ಎಲ್ಲಿ?" ಎಂದಳು. ನಾನು ಕಮಾನಿನ ವಿಷಯ ಹೇಳಲು ಶುರು ಮಾಡಿದೆ. ಅದು ಎಷ್ಟು ಚೆನ್ನಾಗಿ ತೂಗುತ್ತದೆ ಎಂದು ಕೈಯಾಡಿಸಿ ತೋರಿಸಿದೆ. ಅವಳು ಪೂರ್ತಿ ಕೇಳಿದಳು. ಆಮೇಲೆ ಎರಡು ಬಾನಿಯನ್ನೂ ಬಾಗಿಲಾಚೆ ಚೆಲ್ಲಿ ಒಳಗೆ ಹೋಗಿ ಬೀಸುವ ಕಲ್ಲಿನ ಮುಂದೆ ಕೂತಳು. "ಕಲ್ಲೇ, ಕೇಳ್ದಾ? ಎರಡು ಜೀವ ಕೊಟ್ಬುಟ್ಟು ಒಂದು ಕೋಳಿಗೂಡು ವಾಂಗಿಕೊಂಡು ಬಂದವ್ರೆ" ಎಂದಳು. ಅಂದಿನಿಂದ ನನ್ನೊಡನೆ ಮಾತು ನಿಂತಿತು, ನಮ್ಮ ಕಡೆ ಹೆಂಡತಿ ಗಂಡನನ್ನು ಕರೆಯುವಂತೆ ಮಾವ ಎಂದು ಕರೆಯುವುದೂ ನಿಂತಿತು. ಊಟ ಬಡಿಸುತ್ತಿದ್ದಳು, ನೀರು ಇಡುತ್ತಿದ್ದಳು. ನನಗೆ ತಿಳಿಯಬೇಕಾದ್ದನ್ನೆಲ್ಲ ಬೀಸುವ ಕಲ್ಲಿಗೆ ಹೇಳುತ್ತಿದ್ದಳು. ರಾಗಿ ಬೀಸುವ ಸದ್ದಿನ ನಡುವೆ ನನ್ನ ಪಾಲಿನದನ್ನು ನಾನು ಆರಿಸಿಕೊಳ್ಳಬೇಕಾಗಿತ್ತು.

ನಮ್ಮಲ್ಲಿ ಮಾಟ್ಟುಪ್ಪೊಂಗಲಿನ ದಿನ, ಅಂದರೆ ಪೊಂಗಲಿನ ಮರುದಿನ, ಮನೆಯ ದನಕ್ಕೆ ಮೊದಲು ಎಡೆ. ಕೊಂಬಿಗೆ ಬಣ್ಣ, ಕೊರಳಿಗೆ ಹೂವು, ಎಲೆಯ ಮೇಲೆ ಪೊಂಗಲು. ಸಾಕಿದವಳು ತನ್ನ ಕೈಯಾರೆ ತಿನ್ನಿಸಿ, ಅವು ತಿಂದ ಮೇಲೆಯೇ ಮನೆಯವರ ಬಾಯಿಗೆ ಅನ್ನ. ಗೂಟ ಬರಿದಾಗಿದ್ದರೆ ಏನು ಮಾಡಬೇಕು ಎಂದು ಯಾರೂ ಹೇಳಿಟ್ಟಿಲ್ಲ, ಹಾಗೆ ಬಿಟ್ಟವರು ಯಾರೂ ಇರಲಿಲ್ಲ. ಈ ಸಲ ತಾನು ಉಣ್ಣುವುದಿಲ್ಲ ಎಂದು ಲಕ್ಕಮ್ಮ ಒಂದು ಬೆಳಿಗ್ಗೆ ಕಲ್ಲಿಗೆ ಹೇಳಿದಳು. ಎಷ್ಟು ದಿನ ಎಂದು ಹೇಳಲಿಲ್ಲ. ನಾನು ಎಲೆ ಬಿಟ್ಟು ಎದ್ದು ಮಾರ್ಕಯನ್‌ಕೋಟ್ಟೈಗೆ ನಡೆದೆ.

ಇನ್ನು ಆಸಾರಿ. ಗೂಡಲೂರಿನಿಂದ ತೇನಿಯವರೆಗೆ ಚಕ್ರ ಎಂದರೆ ಅವನೇ. ಅಣೆಯ ಹೇರಿಗೆ ಮುರಿದ ಗಾಡಿಗಳೆಲ್ಲ ಅವನ ಚಪ್ಪರಕ್ಕೇ ಬರುತ್ತಿದ್ದವು. ಚಕ್ರವನ್ನು ಬೆರಳಿನಿಂದ ತಟ್ಟಿ ಕಿವಿಗೊಟ್ಟು ಯಾವ ಅರೆಕಾಲು ಸಡಿಲ ಎಂದು ಹೇಳುವವನು. ಸಾರೋಟನ್ನು ಮೂರು ಸುತ್ತು ಬಂದು, ಮುಂದೆ ನಿಂತು, ಹಿಂದೆ ನಿಂತು, ಕೊನೆಗೆ ಮುಂದಿನ ಚಕ್ರಗಳನ್ನು ತೋರಿಸಿ ನಕ್ಕ. ಹಿಂದಿನವು ನನ್ನ ಎದೆಯೆತ್ತರ, ಮುಂದಿನವು ಮೊಣಕಾಲಿಗಿಂತ ತುಸು ಮೇಲೆ. ಒಂದೇ ಗಾಡಿಗೆ ಎರಡು ಅಳತೆ! ಪಾದ್ರಿಗೆ ಯಾರೋ ಮೋಸ ಮಾಡಿದ್ದಾರೆ, ನಿಜವಾದ ಚಕ್ರ ಕದ್ದು ಮಕ್ಕಳಾಟದ ಚಕ್ರ ಸಿಕ್ಕಿಸಿದ್ದಾರೆ ಎಂದ. ನನಗೂ ಹಾಗೇ ಅನ್ನಿಸಿತ್ತು. ಇಬ್ಬರು ಬಲ್ಲವರು ಒಂದೇ ಮಾತು ಹೇಳಿದ ಮೇಲೆ ಅನುಮಾನ ಎಲ್ಲಿ ಉಳಿಯುತ್ತದೆ?

ಕೆಲಸ ಶುರುವಾಯಿತು. ಸುಳ್ಳು ಹೇಳಬಾರದು, ಅವು ನನ್ನ ಜೀವನದ ಬಲು ಸುಖದ ದಿನಗಳು. ಮನೆಯಲ್ಲಿ ಮಾತಿಲ್ಲ, ಹಟ್ಟಿಯಲ್ಲಿ ದನವಿಲ್ಲ, ಆದರೂ ಮರದ ಮೇಲಿನ ಹಳೆಯ ಬಣ್ಣ ಕೆರೆದಾಗ ಅಡಿಯಲ್ಲಿ ನೀಲಿ ಕಂಡ ಗಳಿಗೆಯಲ್ಲಿ ನಾನು ಇಡೀ ಲೋಕವನ್ನು ಮರೆತಿದ್ದೆ. ಈ ಸ್ವಭಾವದ ಗಂಡಸರನ್ನು ಹೆಂಗಸರು ಹೇಗೆ ಸಹಿಸುತ್ತಾರೋ ನನಗೆ ತಿಳಿಯದು. ಸೀಟಿನೊಳಗೆ ತುಂಬಿದ್ದ ಕುದುರೆ ಕೂದಲನ್ನು ಇಲಿಗಳು ಒಯ್ದಿದ್ದವು, ಅದಕ್ಕೆ ಬೋಡಿ ಬೆಟ್ಟದ ಬುಡದ ಬೂರುಗದ ಹತ್ತಿ ತುಂಬಿಸಿದೆ. ಕಮ್ಮಾರ ಕಮಾನು ಕಾಯಿಸಿ ಬಾಗು ಸರಿಮಾಡಿದ. ಮುಸುಕಿನ ಚರ್ಮಕ್ಕೆ ನಾನೇ ದಿಂಡಿಗಲ್ಲಿಗೆ ಹೋದೆ. ಅಲ್ಲಿ ಚರ್ಮ ಹದ ಮಾಡುವ ಮಂಡಿಯ ಮುಂದೆ ನಿಂತು ಸಾರೋಟನ್ನು ಬಣ್ಣಿಸುತ್ತಿದ್ದಾಗ, ಪಕ್ಕದ ಚುಟ್ಟದ ಅಂಗಡಿಯ ಚೆಟ್ಟಿಯಾರರು ಕಿವಿಗೊಟ್ಟರು. ಅವರಿಗೆ ಸೊಂಟನೋವು. ಗಾಡಿ ಹತ್ತಿದರೆ ಮೂರು ದಿನ ಏಳುವುದಿಲ್ಲ. ಕಮಾನು ಎಂದ ಕೂಡಲೇ ಅವರ ಕಣ್ಣರಳಿತು. ಮಾರ್ಗಳಿ ತಿಂಗಳ ಕೊನೆಗೆ, ಪೊಂಗಲಿಗೆ ಮುಂಚೆ, ನನ್ನ ಕುದುರೆ ತಂದು ಹೂಡಿ ನೋಡುತ್ತೇನೆ, ಹಿಡಿಸಿದರೆ ಅಲ್ಲೇ ಬೆಲೆ ಎಂದರು. ಗಿರಾಕಿ ಸಿಕ್ಕಿದ ಎಂದು ನಾನು ಅಲ್ಲಿಂದ ಹಾರಿಕೊಂಡು ಬಂದೆ.

ಇತ್ತ ಆಸಾರಿ ಜಾಲಿಯ ಮರದಿಂದ ಎರಡು ದೊಡ್ಡ ಚಕ್ರ ಮಾಡಿದ್ದ. ಅಂಥ ಚಕ್ರವನ್ನು ನಾನು ಮುಂದೆಯೂ ನೋಡಲಿಲ್ಲ. ಹಿಂದಿನ ಪರಂಗಿ ಚಕ್ರಗಳನ್ನೇ ನಾಚಿಸುವಂತಿದ್ದವು. ಆದರೆ ಅವನ್ನು ಸಿಕ್ಕಿಸಿದರೆ ಸಾರೋಟಿನ ಮೂಗು ಮೇಲೆದ್ದಿತು. ಮುಂದಿನ ಅಚ್ಚಿಗೂ ಮೇಲಿನ ಮೈಗೂ ನಡುವೆ ತಟ್ಟೆಯಂತೆ ಮಲಗಿದ್ದ ಒಂದು ದಪ್ಪ ಕಬ್ಬಿಣದ ಬಳೆ ಅಡ್ಡವಾಗಿತ್ತು. ಇದು ಏನಕ್ಕೆ ಎಂದು ಆಸಾರಿಯನ್ನು ಕೇಳಿದೆ. ಅವನು ಅದನ್ನು ತಟ್ಟಿ, ಕಿವಿಗೊಟ್ಟು, ಬರೀ ಭಾರ ಎಂದ. ತೆಗೆದೆವು. ಅಚ್ಚನ್ನು ನೇರವಾಗಿ ಮೈಗೇ ಬಿಗಿದೆವು. ಸಾರೋಟು ಸಮವಾಗಿ ಕೂತಿತು. ಇಡೀ ಬೀದಿ ಬಂದು ನೋಡಿತು. ಮುಂದೆ ತಳ್ಳಿದೆವು, ಹಿಂದೆ ಎಳೆದೆವು, ಮತ್ತೆ ಮುಂದೆ ತಳ್ಳಿದೆವು. ಬೆಣ್ಣೆಯಂತೆ ಉರುಳಿತು.

ಮಿಕ್ಕಿದ ಬಳೆಯನ್ನೂ ಎರಡು ಚಿಕ್ಕ ಚಕ್ರಗಳನ್ನೂ ಗೋಣಿಯಲ್ಲಿ ಕಟ್ಟಿ ಮನೆಗೆ ತಂದು ಹಟ್ಟಿಯಲ್ಲಿ ಹಾಕಿದೆ. ಕಬ್ಬಿಣವನ್ನು ಎಸೆಯಲು ನನಗೆ ಮನಸ್ಸು ಬಾರದು. ರಿಪೇರಿ ಮುಗಿದ ಮೇಲೆ ಒಂದೆರಡು ಸಾಮಾನು ಮಿಗುತ್ತದಲ್ಲ, ಅದನ್ನು ನಾನು ಯಾವಾಗಲೂ ನನ್ನ ಜಾಣತನದ ಲಾಭ ಎಂದೇ ಎಣಿಸುತ್ತಿದ್ದೆ.

ಪೊಂಗಲಿಗೆ ಆರು ದಿನವಿರುವಾಗ ಚೆಟ್ಟಿಯಾರರು ಕುದುರೆಯನ್ನೂ ಕುದುರೆಯವನನ್ನೂ ಕರೆದುಕೊಂಡು ಬಂದರು. ಸಾರೋಟನ್ನು ನೋಡಿ ಸೀಟನ್ನು ಒತ್ತಿ ಅವರು ಅಂದ ಮೊದಲ ಮಾತು, "ಅಡಡಾ!" ಹತ್ತಿ ಕೂತರು. ಕುದುರೆಯವನು ಲಗಾಮು ಹಿಡಿದ. ಬೀದಿಯುದ್ದಕ್ಕೂ ಜನ. ಕುದುರೆ ಓಟ ಹಿಡಿಯಿತು, ಚೆಟ್ಟಿಯಾರರು ಹಿಂದಕ್ಕೊರಗಿ ಕಣ್ಣು ಮುಚ್ಚಿದರು. ನಾನು ಆಸಾರಿಯ ಹೆಗಲ ಮೇಲೆ ಕೈ ಹಾಕಿದೆ. ಬೀದಿ ಮುಗಿಯುವಲ್ಲಿ ಎಡಕ್ಕೊಂದು ತಿರುವು. ಅದರಾಚೆ ಉತ್ತು ನೀರು ಕಟ್ಟಿದ ಗದ್ದೆ. ಕುದುರೆ ಎಡಕ್ಕೆ ತಿರುಗಿತು. ಸಾರೋಟು ತಿರುಗಲಿಲ್ಲ. ಅದು ತನ್ನ ಪಾಡಿಗೆ ನೆಟ್ಟಗೆ ಹೋಗಿ, ಕುದುರೆಯನ್ನೂ ಅಡ್ಡಡ್ಡ ಎಳೆದುಕೊಂಡು, ಗದ್ದೆಗೆ ಇಳಿದು ಅಲ್ಲಿ ಗಂಭೀರವಾಗಿ ನಿಂತಿತು.

ಯಾರಿಗೂ ಪೆಟ್ಟಾಗಲಿಲ್ಲ, ಅದು ದೇವರ ದಯೆ. ಕುದುರೆ ಕೂಡ ಬೆದರಿತೇ ಹೊರತು ಬೀಳಲಿಲ್ಲ. ಚೆಟ್ಟಿಯಾರರು ಮೊಣಕಾಲುದ್ದ ಕೆಸರಿನಲ್ಲಿ ನಿಂತು, "ಗೌಂಡರೇ, ಇದು ವಂಡಿಯಾ, ಅಂಬಾ?" ಎಂದು ಕೇಳಿದರು. ಬಂಡಿಯೋ, ಬಾಣವೋ? ಕುದುರೆಯವನು ಮಾತ್ರ ಕೆಸರಿನಲ್ಲೇ ಬಗ್ಗಿ ಅಡಿಗೆ ಇಣುಕಿದ. ನನ್ನ ಹಾಗೆ ಬಗ್ಗಿ ನೋಡುವವನು, ಆದರೆ ತಿಳಿದು ನೋಡುವವನು. "ಇಂಗೆ ಒರು ವಳಯಂ ಇರುಕ್ಕಣುಮೇ, ಎಂಗೆ ಪೋಚ್ಚು?" ಎಂದ. ಇಲ್ಲೊಂದು ಬಳೆ ಇರಬೇಕಿತ್ತಲ್ಲ, ಎಲ್ಲಿ ಹೋಯಿತು? ನಾನೂ ಆಸಾರಿಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಎರಡು ಚಕ್ರದ ಗಾಡಿ ಎತ್ತು ತಿರುಗಿದರೆ ತಾನೂ ತಿರುಗುತ್ತದೆ. ನಾಲ್ಕು ಚಕ್ರದ್ದಕ್ಕೆ ಮುಂದಿನ ಅಚ್ಚು ಬೇರೆಯಾಗಿ ತಿರುಗಬೇಕು. ತಿರುಗುವಾಗ ಚಕ್ರ ಮೈಯ ಅಡಿಗೆ ನುಸುಳಬೇಕು. ಅದಕ್ಕೇ ಅದು ಚಿಕ್ಕದು. ಕುದುರೆಯವನು ಇಷ್ಟನ್ನು ಎರಡೇ ಮಾತಿನಲ್ಲಿ ಹೇಳಿ ಮುಗಿಸಿದ. ಚೆಟ್ಟಿಯಾರರು ಒಳ್ಳೆಯವರು, ಅವರ ಸೊಂಟಕ್ಕೆ ಕಮಾನಿನ ರುಚಿ ಹತ್ತಿತ್ತು. ಚಿನ್ನಮನೂರಿನ ನೆಂಟರ ಮನೆಯಲ್ಲಿ ಮೂರು ದಿನ ಇರುತ್ತೇನೆ, ತಿರುಗಿದರೆ ಕೊಳ್ಳುತ್ತೇನೆ, ಇಲ್ಲವಾದರೆ ಇಲ್ಲ ಎಂದರು.

ಅಂದು ಸಂಜೆ ಮನೆಗೆ ಓಡೋಡಿ ಬಂದೆ. ಹಟ್ಟಿಯಲ್ಲಿ ಗೋಣಿ ಬರಿದಾಗಿತ್ತು. ಹೊರಗೆಲ್ಲ ಹುಡುಕಿ ಒಳಗೆ ಬಂದರೆ, ಒಂದು ಚಿಕ್ಕ ಚಕ್ರ ಕೋಳಿಗೂಡಿನ ಬಾಗಿಲಾಗಿದೆ. ಇನ್ನೊಂದು ರಾಗಿ ತುಂಬುವ ಮಣ್ಣಿನ ವಾಡೆಗೆ ಮುಚ್ಚಳವಾಗಿದೆ. ಬಳೆಯೋ, ಆ ವಾಡೆಯ ಅಡಿಯಲ್ಲಿ, ಅದರ ಪೀಠವಾಗಿ ಕೂತಿದೆ. ಆಳೆತ್ತರದ ವಾಡೆ, ಹೊಸ ರಾಗಿ ಕಂಠದವರೆಗೆ. ಲಕ್ಕಮ್ಮ ಪಕ್ಕದಲ್ಲೇ ಕೂತು ಬೀಸುತ್ತಿದ್ದಳು.

ಎರಡು ತಿಂಗಳಾದ ಮೇಲೆ ನಾನು ಕೇಳಲೇಬೇಕಾಗಿತ್ತು. ನಾಚಿಕೆಯಾಯಿತು, ಅದನ್ನು ಮುಚ್ಚಿಡುವುದೇಕೆ? ಅವಳ ಎದುರಿಗೆ ನೆಲದ ಮೇಲೆ ಕೂತು ನಡೆದದ್ದೆಲ್ಲ ಹೇಳಿದೆ. ಗದ್ದೆಯ ಕತೆ, ಚೆಟ್ಟಿಯಾರರ ಬಾಣದ ಮಾತು ಯಾವುದನ್ನೂ ಬಿಡಲಿಲ್ಲ. "ಆ ಬಳೆ ಬೇಕು ಲಕ್ಕಮ್ಮ, ಅದಿಲ್ದೆ ಮಯಿಲೆ ಕರಿಯ ಬರಾಕಿಲ್ಲ" ಎಂದೆ. ಹೆಂಡತಿಯ ಹೆಸರು ಹಿಡಿದು ನಾನು ಬೇಡಿದ್ದು ಅದೇ ಮೊದಲು.

ಅವಳು ಬೀಸುವುದನ್ನು ನಿಲ್ಲಿಸಿದಳು. ನನ್ನನ್ನು ನೋಡಲಿಲ್ಲ, ಕಲ್ಲನ್ನೇ ನೋಡಿದಳು. "ಕಲ್ಲೇ, ನೀನೇ ಸೊಲ್ಲು. ಆ ಬಳೆ ಒಂದಲ್ಲ, ಎರಡು. ಬೂದಿ ಆಕಿ ತಿಕ್ಕಿ ಎಣ್ಣೆ ಬುಟ್ಟಾಗ ಗೊತ್ತಾತು. ಕೆಳಗಿಂದು ನಿಂತಿರ್ತದೆ, ಮೇಲಿಂದು ಸುತ್ತುತದೆ. ನಿನ್ನ ಹಾಗೇ. ಸುತ್ತೋ ವಸ್ತುನ ಬರೀ ಭಾರ ಅಂತ ಯಾರಾರ ಬಿಸಾಕ್ತಾರಾ?" ಎಂದಳು.

ನಾನು ಬೀಸುವ ಕಲ್ಲನ್ನು ನೋಡಿದೆ. ಕೆಳಗೊಂದು ಕಲ್ಲು, ಮೇಲೊಂದು ಕಲ್ಲು, ನಡುವೆ ಒಂದು ಗೂಟ. ಹುಟ್ಟಿದಾಗಿನಿಂದ ಅದರ ಹಿಟ್ಟು ತಿಂದವನು ನಾನು. ಪಾದ್ರಿಯ ಸಾರೋಟಿನ ಅಡಿಯಲ್ಲಿ ಅದೇ ಇತ್ತು, ಕಲ್ಲಿನ ಬದಲು ಕಬ್ಬಿಣ, ಅಷ್ಟೆ. ಆಸಾರಿ ಕಿವಿಗೊಟ್ಟದ್ದು ಕಬ್ಬಿಣಕ್ಕೆ. ನಾನು ಕಿವಿಗೊಟ್ಟದ್ದು ಆಸಾರಿಗೆ. ಮೂರು ಕೋಣೆಯ ಮನೆಯಲ್ಲಿ ದಿನವೂ ಈ ಯಂತ್ರವನ್ನು ತಿರುಗಿಸುತ್ತಿದ್ದವಳನ್ನು ಒಂದು ಮಾತು ಕೇಳಿದ್ದರೆ ಎರಡು ಜಾಲಿಮರ ಉಳಿಯುತ್ತಿದ್ದವು.

ವಾಡೆಯ ರಾಗಿಯನ್ನೆಲ್ಲ ಮೊರದಲ್ಲಿ ತುಂಬಿ ತುಂಬಿ ಚಾಪೆಗೆ ಸುರಿದೆ. ಅವಳು ಕೈ ಹಾಕಲಿಲ್ಲ. ಬೆಳಿಗ್ಗೆ ನಾನು ಖಾಲಿ ವಾಡೆಯನ್ನು ತಬ್ಬಿ ಎತ್ತಲಾರದೆ ಏದುಸಿರು ಬಿಡುವಾಗ ಮಾತ್ರ ಎದ್ದು ಬಂದು ಇನ್ನೊಂದು ಬದಿ ಹಿಡಿದಳು. ಬಳೆ ಹೊರಬಂತು. ಫಳಫಳ ಹೊಳೆಯುತ್ತಿತ್ತು. ಫ್ರಾನ್ಸ್ ದೇಶ ಬಿಟ್ಟ ಮೇಲೆ ಅದು ಅಷ್ಟು ಶುಭ್ರವಾಗಿದ್ದದ್ದು ಅಂದೇ ಇರಬೇಕು. ಕೋಳಿಗೂಡಿನ ಬಾಗಿಲನ್ನು ಅವಳೇ ಬಿಚ್ಚಿಕೊಟ್ಟಳು.

ಆಸಾರಿಯ ಮುಖ ನೋಡುವುದು ಅದಕ್ಕಿಂತ ಕಷ್ಟವಾಯಿತು. ಅವನು ತನ್ನ ದೊಡ್ಡ ಚಕ್ರಗಳನ್ನು ತಾನೇ ಬಿಚ್ಚಿದ, ಗೋಡೆಗೆ ಒರಗಿಸಿದ, ಒಂದು ಸಲ ತಟ್ಟಿ ಕಿವಿಗೊಟ್ಟ. ಚಕ್ರದಲ್ಲಿ ತಪ್ಪಿಲ್ಲ ಎಂದು ತನಗೇ ಹೇಳಿಕೊಂಡ. ನಿಜವಾ‌ಗಿಯೂ ಇರಲಿಲ್ಲ. ನಿನ್ನ ಚಕ್ರಗಳನ್ನು ನನ್ನ ಗಾಡಿಗೆ ಹಾಕಿಸಿಕೊಳ್ಳುತ್ತೇನೆ ಎಂದೆ. ಮೊದಲು ಎತ್ತು ಬರಲಿ ಎಂದ. ಎರಡು ದಿನ ನಾವಿಬ್ಬರೂ ಕುದುರೆಯವನು ಹೇಳಿದಂತೆ ಕೇಳಿಕೊಂಡು ದುಡಿದೆವು. ಮೂರನೆಯ ಬೆಳಿಗ್ಗೆ ಕುದುರೆ ಎಡಕ್ಕೆ ತಿರುಗಿತು. ಮುಂದಿನ ಪುಟ್ಟ ಚಕ್ರ ಸಾರೋಟಿನ ಹೊಟ್ಟೆಯಡಿಗೆ ನುಸುಳಿತು. ಸಾರೋಟು ಮೈ ಬಳುಕಿಸಿ ತಿರುಗಿ ಚಿನ್ನಮನೂರಿನ ದಾರಿ ಹಿಡಿಯಿತು. ಚೆಟ್ಟಿಯಾರರ ಪಕ್ಕದಲ್ಲಿ ಕೂತು ನಾನೂ ಬತ್ತಲಗುಂಡಿನವರೆಗೆ ಹೋದೆ. ಕೂತು ಹೋದದ್ದು ಅದೊಂದೇ ಸಲ. ಕಮಾನು ನಾನು ಹೇಳಿದ್ದಕ್ಕಿಂತ ಚೆನ್ನಾಗಿತ್ತು, ಆದರೆ ನನಗೆ ಅದರ ಸುಖ ಹತ್ತಲಿಲ್ಲ. ದಾರಿಯುದ್ದಕ್ಕೂ ಬೆರಳು ಮಡಚಿ ದಿನ ಎಣಿಸುತ್ತಿದ್ದೆ.

ಪೊಂಗಲಿನ ಹಿಂದಿನ ದಿನ ಮಧ್ಯಾಹ್ನ ಮುಟ್ಟಿದೆವು. ಚೆಟ್ಟಿಯಾರರು ಬೆಲೆಯನ್ನು ನೇರ ರಾವುತ್ತರ ಕೈಗೇ ಕೊಟ್ಟರು. ಮಿಕ್ಕದ್ದೇನೂ ಇರಲಿಲ್ಲ, ನಾನು ಕೇಳಲೂ ಇಲ್ಲ. ರಾವುತ್ತರು ಸಾರೋಟನ್ನು ಸುತ್ತಿ ಬಂದು ಮುಂದಿನ ಚಕ್ರ ನೋಡಿ ತಲೆದೂಗಿದರು. ಸಾರೋಟು ಗದ್ದೆಗೆ ಇಳಿದ ಕತೆಯನ್ನು ನಾನು ಬಾಯಿ ಬಿಟ್ಟೆ. ಅವರು ಗಡ್ಡದೊಳಗೇ ನಕ್ಕರು. ನಾಲ್ಕು ಚಕ್ರದ ಮರ್ಮ ಮೊದಲೇ ಹೇಳಬಾರದಿತ್ತೇ ಎಂದರೆ, "ನೀಂಗ ಕೇಕ್ಕಲೆಯೇ ಗೌಂಡರೇ" ಎಂದರು. ನೀವು ಕೇಳಲಿಲ್ಲವಲ್ಲ! ಅದೂ ನಿಜ. ಆ ಎರಡು ತಿಂಗಳಲ್ಲಿ ಕೇಳಿದ್ದರೆ ಹೇಳುವವರು ನನ್ನ ಸುತ್ತ ಬೇಕಾದಷ್ಟು ಜನರಿದ್ದರು.

ಎತ್ತುಗಳು ಸ್ವಲ್ಪ ಬಡವಾಗಿದ್ದವು. ಕರಿಯ ನನ್ನನ್ನು ಮೂಸಿ ಮುಖ ತಿರುಗಿಸಿದ. ಮಯಿಲೆ ಮೂಸಲೂ ಇಲ್ಲ. ಆದರೆ ಹೂಡಿ ತೇನಿಯ ದಿಕ್ಕಿಗೆ ಬಿಟ್ಟದ್ದೇ ತಡ, ನಾನು ಚಾವಟಿ ಎತ್ತಬೇಕಾಗಲಿಲ್ಲ. ಪೊಂಗಲು ಹಬ್ಬ ದಾರಿಯಲ್ಲೇ ಕಳೆಯಿತು. ಮಾಟ್ಟುಪ್ಪೊಂಗಲಿನ ಮಧ್ಯಾಹ್ನ ತೇವಾರಂ ಮುಟ್ಟಿದಾಗ ಊರಿನ ದನಗಳೆಲ್ಲ ಬಣ್ಣದ ಕೊಂಬು ಹೊತ್ತು, ಹೊಟ್ಟೆ ತುಂಬಿಸಿಕೊಂಡು ಮೆಲುಕು ಹಾಕುತ್ತಿದ್ದವು. ನಮ್ಮ ಹಟ್ಟಿಯಲ್ಲಿ ಎರಡು ಗೂಟದ ಮುಂದೆ ಎರಡು ಎಲೆ ಹಾಸಿತ್ತು. ಅದರ ಮೇಲಿನ ಪೊಂಗಲು ತಣ್ಣಗಾಗಿ ಗಟ್ಟಿಯಾಗಿತ್ತು. ಲಕ್ಕಮ್ಮ ಗೂಟಕ್ಕೆ ಒರಗಿ ಕೂತಿದ್ದಳು. ಹಿಂದಿನ ದಿನದಿಂದ ಏನೂ ತಿಂದಿರಲಿಲ್ಲ.

ಎದ್ದು ನಿಂತು ಅವಳು ನನ್ನನ್ನು ದಾಟಿ ಹೋದಳು. "ಮಯಿಲೆ" ಎಂದಳು. "ಕರಿಯ" ಎಂದಳು. ಗೊರಸು ಎತ್ತಿ ನೋಡಿದಳು, ಹೆಗಲು ಸವರಿ ನೋಡಿದಳು, ಕತ್ತಿಗೆ ಮುಖವಿಟ್ಟು ಅತ್ತಳು. ಕೊಂಬಿಗೆ ಬಣ್ಣ ಬಳಿದು, ಹೂವು ಹಾಕಿ, ಪೊಂಗಲನ್ನು ಉಂಡೆ ಮಾಡಿ ಒಂದೊಂದಾಗಿ ತಿನ್ನಿಸಿದಳು. ನಾನು ಅಷ್ಟು ಹೊತ್ತೂ ಗಾಡಿಯ ಮೂಕಿ ಹಿಡಿದು ನಿಂತೇ ಇದ್ದೆ, ಕೂತುಕೊಳ್ಳಲು ಧೈರ್ಯವಾಗಲಿಲ್ಲ. ಎಲ್ಲ ಮುಗಿದ ಮೇಲೆ ಅವಳು ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ನನ್ನ ಕಡೆ ತಿರುಗಿದಳು.

"ಮಾವ, ಬನ್ನಿ. ಎಲೆ ಆಕಿವ್ನಿ" ಎಂದಳು.

ಆ ಮನೆಯಲ್ಲಿ ಅಂದಿನಿಂದ ನಾನು ಮೂರನೆಯವನು. ಮಯಿಲೆ ಹೋಗಿ, ಕರಿಯ ಹೋಗಿ ಎಷ್ಟೋ ವರ್ಷಗಳಾದವು. ಎರಡನ್ನೂ ನಮ್ಮ ಹೊಲದ ಅಂಚಿನಲ್ಲೇ ಮಣ್ಣು ಮಾಡಿದೆವು. ಆಸಾರಿಯ ದೊಡ್ಡ ಚಕ್ರಗಳು ಮಾತ್ರ ಇನ್ನೂ ಗಾಡಿಯಲ್ಲಿ ಉರುಳುತ್ತಿವೆ. ಪ್ರತಿ ಮಾಟ್ಟುಪ್ಪೊಂಗಲಿನಲ್ಲೂ ಈಗಿರುವ ದನಗಳಿಗೆ ಎಡೆ ಹಾಕಿದ ಮೇಲೆ ಲಕ್ಕಮ್ಮ ಆ ಹಳೆಯ ಗೂಟಗಳ ಮುಂದೆ ಇನ್ನೆರಡು ಎಲೆ ಹಾಸುತ್ತಾಳೆ, ಸ್ವಲ್ಪ ಹೊತ್ತು ನಿಲ್ಲುತ್ತಾಳೆ. ನನಗೆ ಹಸಿವಾಗಿರುತ್ತದೆ. ಆದರೂ ನಾನು ಬೇಗ ಬಡಿಸು ಎಂದು ಕೇಳುವುದಿಲ್ಲ. ಅವಳು ತಿರುಗಿ ನನ್ನನ್ನು ಕರೆಯುವವರೆಗೆ ಮೂಕಿ ಹಿಡಿದು ನಿಂತಿರುತ್ತೇನೆ.